ಗುಲಾಬಿ ಗಂಟಲಿನ ಹಲ್ಲಿ

ಹಲ್ಲಿಗೆ ಹೆದರುವವರು ಬೇರೆ, ಹೇಸುವವರು ಬೇರೆ. ಹೆದರುವವರು ಕಿರುಚಿ ಕುರ್ಚಿ ಹತ್ತುತ್ತಾರೆ, ಆಮೇಲೆ ತಾವೇ ನಕ್ಕು ಕೆಳಗಿಳಿಯುತ್ತಾರೆ. ಹೇಸುವವರಿಗೆ ಅಂಥ ಬಿಡುಗಡೆ ಇಲ್ಲ. ಡಾಕ್ಟರ್ ಇಂದುಮತಿ ಹುಯಿಲಗೋಳ ಈ ಎರಡನೆಯವರ ಪೈಕಿ. ಗೋಡೆಯ ಮೇಲೆ ಹಲ್ಲಿ ಕಂಡ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಹಾಗಂತ ಆಕೆ ನಾಜೂಕಿನ ಹೆಂಗಸೇನೂ ಅಲ್ಲ. ಕೀಟಶಾಸ್ತ್ರ ಓದಿದವಳು. ಎಡ ಅಂಗೈ ಮೇಲೆ ಸಗಣಿಹುಳ ಹರಿದಾಡಿಸುತ್ತ ಬಲಗೈಯಲ್ಲಿ ಚಹಾ ಕುಡಿಯುವಷ್ಟು ಗಟ್ಟಿಗಿತ್ತಿ. ಹಲ್ಲಿ ಮಾತ್ರ ಬೇಡ. ಆ ತಣ್ಣನೆಯ ಹೊಟ್ಟೆ, ಒಳಗಿನದೆಲ್ಲ ಕಾಣುವ ತೊಗಲು, ಕಳಚಿಬಿದ್ದ ಬಾಲ ನೆಲದ ಮೇಲೆ ತನ್ನಷ್ಟಕ್ಕೆ ತಾನೇ ಕುಣಿಯುವುದು. ಥೂ, ಬೇಡವೇ ಬೇಡ.

ಇಂಥವಳ ಹಣೆಬರಹ ನೋಡಿ, ಅವಳ ಪಾಲಿಗೆ ಬಂದದ್ದು ಹಲ್ಲಿಗಳದೇ ಕೆಲಸ. ಅದೂ ಟ್ಯೂಬ್‌ಲೈಟಿನ ಹಿಂದೆ ಅಡಗುವ ಬಡಪಾಯಿ ಹಲ್ಲಿಯಲ್ಲ. ಕೆರಿಬಿಯನ್ ಸಮುದ್ರದ ಕ್ಯೂಬಾ ದ್ವೀಪದ್ದು, ಮೂತಿಯಿಂದ ಬಾಲದ ತುದಿಯವರೆಗೆ ಮೊಳದುದ್ದದ್ದು.

ಆದದ್ದಿಷ್ಟು. ಧಾರವಾಡದ ರಸ್ತೆಬದಿಯ ಮಾವಿನ ಮರಗಳಿಗೆಲ್ಲ ಎಲ್ಲಿಂದಲೋ ಒಂದು ಬಿಳಿ ಕೊರಕ ಬಂದು ಹತ್ತಿತು. ಕಾಂಡದೊಳಗೆ ಹುಳ, ನೆತ್ತಿಯ ಎಲೆಗಳಲ್ಲಿ ದುಂಬಿ. ಯಾವ ಔಷಧಿ ಹೊಡೆದರೂ ನೆತ್ತಿಗೆ ಮುಟ್ಟಲಿಲ್ಲ, ಕೆಳಗೆ ನಡೆಯುವ ಜನರ ಮೂಗಿಗೆ ಮಾತ್ರ ಮುಟ್ಟಿತು. ಆಗ ಊರ ಹೊರಗಿನ 'ಹಸಿರು ಕಾವಲು ಕೇಂದ್ರ'ದ ನಿರ್ದೇಶಕ ಡಾಕ್ಟರ್ ಸಾಲಿಮಠರ ತಲೆಗೆ ಒಂದು ಪ್ರಶ್ನೆ ಹೊಳೆಯಿತು: ಮರದ ನೆತ್ತಿಯಲ್ಲೇ ಹುಟ್ಟಿ, ಅಲ್ಲೇ ತಿಂದು, ಅಲ್ಲೇ ಮಲಗುವ ಪ್ರಾಣಿಯೊಂದನ್ನು ಕಾವಲಿಗೆ ಕೂಡಿಸಿದರೆ?

ಕ್ಯೂಬಾದ ಈ ದೊಡ್ಡ ಹಲ್ಲಿ ಅಂಥ ಪ್ರಾಣಿ. ಮೈ ಹಚ್ಚಹಸಿರು, ಭುಜದ ಮೇಲೊಂದು ಹಳದಿ ಪಟ್ಟಿ, ತಲೆ ಎಲುಬಿನ ಟೊಪ್ಪಿಗೆ ಹಾಕಿದಂತೆ ಗಡುಸು. ಬೆರಳ ತುದಿಯ ಮೆತ್ತೆಗಳಿಂದ ನುಣುಪು ತೊಗಟೆಗೂ ಅಂಟಿಕೊಂಡು ತಲೆಕೆಳಗಾಗಿ ಗಂಟೆಗಟ್ಟಲೆ ಕೂಡುತ್ತದೆ. ಒಂದು ಕಣ್ಣು ಮೇಲೆ ನೋಡುವಾಗ ಇನ್ನೊಂದು ಕಣ್ಣು ಕೆಳಗೆ ನೋಡುತ್ತಿರುತ್ತದೆ. ಸಿಟ್ಟು ಬಂದರೆ ಬೆನ್ನಿನ ಮೇಲೆ ಜುಟ್ಟು ಎದ್ದು ಹಸಿರು ಮೈ ಕಂದುಗಪ್ಪಾಗುತ್ತದೆ. ಗಂಟಲ ಕೆಳಗೆ ಮಡಚಿಟ್ಟ ತೊಗಲಿನ ಚೀಲ. ಅದನ್ನು ಬಿಚ್ಚಿತೆಂದರೆ ಅಂಗೈ ಅಗಲದ ಗುಲಾಬಿ ಬಣ್ಣ. ಆ ಬಣ್ಣ ತೋರಿಸಿ, ತಲೆ ಕುಣಿಸಿ, ಇದು ನನ್ನ ಮರ ಎಂದು ಸಾರುತ್ತದೆ. ಒಂದು ಮರಕ್ಕೆ ಒಂದೇ ಗಂಡು.

ಹೊರದೇಶದ ಪ್ರಾಣಿ ಇಲ್ಲಿ ಮರಿ ಹಾಕಿ ಊರು ತುಂಬಬಾರದಲ್ಲ, ಅದಕ್ಕೆ ಗಂಡುಗಳನ್ನಷ್ಟೇ ಬಿಡುವುದೆಂದು ನಿಯಮವಾಯಿತು. ಹಡಗಿನಲ್ಲಿ ಬಂದ ಮರಿಗಳನ್ನು ಕೇಂದ್ರದಲ್ಲಿ ಬೆಳೆಸಿ, ಗಂಡು ಯಾವುದು ಹೆಣ್ಣು ಯಾವುದು ಎಂದು ಬೇರ್ಪಡಿಸುವ ಹೊಣೆ ಇಂದುಮತಿಯದು. ಹಲ್ಲಿಯನ್ನು ಕೈಯಲ್ಲಿ ಹಿಡಿದು, ಬಾಲದ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು, ಗಂಡಾದರೆ ಅದರ ಗುರುತು ಹೊರಗೆ ಬರುತ್ತದೆ ಎಂದು ಕ್ಯೂಬಾದವರು ಹೇಳಿಕೊಟ್ಟಿದ್ದರು. ಕೈಯಲ್ಲಿ ಹಿಡಿಯುವುದು. ಅದನ್ನು ಕೇಳಿದ ದಿನವೇ ಇಂದುಮತಿ ಬಚ್ಚಲಿಗೆ ಹೋಗಿ ಬಾಯಿ ತೊಳೆದುಕೊಂಡು ಬಂದಿದ್ದಳು.

ಅವಳೊಬ್ಬಳದೇ ಪಾಡಾಗಿದ್ದರೆ ಬೇರೆ ಮಾತು. ಕೇಂದ್ರದಲ್ಲಿದ್ದವರೆಲ್ಲ ಹಲ್ಲಿ ಮೈಮೇಲೆ ಬಿದ್ದರೆ ತಲೆಸ್ನಾನ ಮಾಡಿ, ಪಂಚಾಂಗ ತೆಗೆದು, ಎಡ ಭುಜಕ್ಕೆ ಏನು ಫಲ, ಬಲ ಮೊಣಕಾಲಿಗೆ ಏನು ಫಲ ಎಂದು ನೋಡುವ ಮನೆಗಳಿಂದ ಬಂದವರೇ. ಮೊದಲ ದಿನ ಒಂದು ಹಲ್ಲಿ ಸಹಾಯಕ ಮಡಿವಾಳಪ್ಪನ ಮುಂಗೈ ಕಚ್ಚಿ ಜೋತುಬಿತ್ತು. ಅವನು ಅಲ್ಲೇ ನಲ್ಲಿಯ ಕೆಳಗೆ ಅಂಗಿಸಮೇತ ಕೂತುಬಿಟ್ಟ. ಅಂದು ಕೇಂದ್ರದ ಟಾಕಿಯ ನೀರೆಲ್ಲ ಸ್ನಾನಕ್ಕೇ ಖಾಲಿ.

ಆವಾಗ ಇಂದುಮತಿಗೆ ಓತಿಕ್ಯಾತ ನೆನಪಾಯಿತು. ಬೇಲಿಯ ಮೇಲೆ ಕೂತು ತಲೆ ಕುಣಿಸುವ ನಮ್ಮ ಓತಿಕ್ಯಾತನಲ್ಲಿ ಗಂಟಲು ಕೆಂಪಾಗುವುದು ಗಂಡಿಗೆ ಮಾತ್ರ; ಕಲ್ಲು ಹಿಡಿದು ಅದರ ಹಿಂದೆ ಓಡಿದ ಯಾವ ಹುಡುಗನಿಗೂ ಇದು ಗೊತ್ತು. ಸರಿ, ಗಂಟಲು ಬಿಚ್ಚುವುದೇ ಗಂಡಿನ ಗುರುತು ಎಂದಾಯಿತು. ಗಾಜಿನ ಒಂದು ಓಣಿ ಕಟ್ಟಿಸಿದಳು. ಓಣಿಯ ತುದಿಯಲ್ಲಿ ರಬ್ಬರಿನ ಒಂದು ಹಲ್ಲಿ. ಗುಂಡಿ ಒತ್ತಿದರೆ ಅದು ಗುಲಾಬಿ ಚೀಲ ಬಿಚ್ಚಿ ತಲೆ ಕುಣಿಸುತ್ತದೆ. ಅದನ್ನು ಕಂಡು ತಾನೂ ಗಂಟಲು ಬಿಚ್ಚಿದ ಹಲ್ಲಿಗೆ ಎಡಬಾಗಿಲು ತೆರೆಯುತ್ತದೆ, ಯಂತ್ರವೇ ತೊಗಲಿನೊಳಗೆ ಇದ್ದ ಜಾಗ ತಿಳಿಸುವ ಅಕ್ಕಿಕಾಳಿನಷ್ಟು ಚಿಪ್ ಸೇರಿಸಿ ಪೆಟ್ಟಿಗೆಗೆ ಕಳಿಸುತ್ತದೆ. ಬಿಚ್ಚದೆ ಮುದುರಿ ಕೂತದ್ದಕ್ಕೆ ಬಲಬಾಗಿಲು. ಬಲಗಡೆ ಇದ್ದದ್ದು ಹಿಮದ ಪೆಟ್ಟಿಗೆ.

ಯಾರೂ ಯಾವುದನ್ನೂ ಮುಟ್ಟಬೇಕಾಗಿಲ್ಲ. ಎಲ್ಲರೂ ಇಂದುಮತಿಗೆ ಕೈಮುಗಿದರು. 'ಸ್ಪರ್ಶರಹಿತ ವಿಧಾನ' ಎಂಬ ಹೆಸರಿನಲ್ಲಿ ದಿಲ್ಲಿಯಲ್ಲಿ ಶಾಲು ಹೊದಿಸಿದರು, ಫಲಕ ಕೊಟ್ಟರು. ಸಾಲಿಮಠರು ಭಾಷಣದಲ್ಲಿ ಇದನ್ನು ಭಾರತೀಯ ವಿಜ್ಞಾನದ ಕೊಡುಗೆ ಎಂದರು. ಹೇಸಿಗೆಯ ಕೊಡುಗೆ ಎಂದು ಯಾರೂ ಅನ್ನಲಿಲ್ಲ.

ಎರಡು ವರ್ಷದಲ್ಲಿ ಧಾರವಾಡದ ದೊಡ್ಡ ಮರಗಳಿಗೆಲ್ಲ ಒಂದೊಂದು ಕ್ಯೂಬಾ ಹಲ್ಲಿ ಕಾವಲು ಕೂತಿತು. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಊರಿನ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕೆ. ಚುಕ್ಕೆಯೊಂದು ಶಾಲೆಯ ಕಡೆಗೋ ಸಂತೆಯ ಕಡೆಗೋ ಸರಿದರೆ ಅಲ್ಲಿಯ ಮರಕ್ಕೆ ಬಿಗಿದ ರಬ್ಬರಿನ ಸುಳ್ಳುಗಂಡಿಗೆ ಇಲ್ಲಿಂದ ಗುಂಡಿ ಒತ್ತುವುದು. ಅದು ಗುಲಾಬಿ ಚೀಲ ಬಿಚ್ಚಿದ ಕೂಡಲೇ ನಿಜವಾದದ್ದು ಹೆದರಿ ತನ್ನ ಮರಕ್ಕೆ ಮರಳುತ್ತಿತ್ತು. ಕೆಲವು ಮರಳುತ್ತಿರಲಿಲ್ಲ. ಬದಲಿಗೆ ಸುಳ್ಳುಗಂಡಿನ ಹತ್ತಿರಕ್ಕೇ ಬಂದು, ತಲೆ ತಗ್ಗಿಸಿ, ಅದರ ಪಕ್ಕದಲ್ಲೇ ಕೂಡುತ್ತಿದ್ದವು. ಇವಕ್ಕೆ ಇಂದುಮತಿ 'ಮೊಂಡು ಗಂಡು' ಎಂದು ಹೆಸರಿಟ್ಟಳು. ಈ ಮೊಂಡುಗಳೇ ಆಗಾಗ ಮರ ಇಳಿದು ಯಾರದೋ ಅಂಗಳದಲ್ಲಿ ಸ್ವಲ್ಪ ಹೊತ್ತು ಇದ್ದು ಮತ್ತೆ ಹತ್ತುತ್ತಿದ್ದವು. ದುಂಬಿ ಬೆನ್ನಟ್ಟಿ ಇಳಿದಿರಬೇಕು ಎಂದುಕೊಂಡರು.

ಮಾವು ಚಿಗುರಿತು ಅನ್ನುವುದು ಸುಳ್ಳಲ್ಲ. ಆದರೆ ಊರು ಹೊಲಸೆದ್ದುಹೋಯಿತು. ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ದೇವರ ಪಲ್ಲಕ್ಕಿಯ ಮೇಲೆ ಬಿಳಿ ತುದಿಯ ಕರಿ ಹಿಕ್ಕೆ. ಮಳೆಯಿಲ್ಲದ ದಿನವೂ ಜನ ಕೊಡೆ ಹಿಡಿದು ನಡೆಯತೊಡಗಿದರು. ಎರಡು ಹಲ್ಲಿ ಕಾದಾಡಿ ಕೆಳಗೆ ಬಿದ್ದರೆ ಕೆಳಗಿದ್ದವನ ಆ ದಿನದ ಕೆಲಸ ಕೆಟ್ಟಿತೆಂದೇ ಲೆಕ್ಕ. ಮನೆಗೆ ಓಡಿ ತಲೆಗೆ ನೀರು ಸುರಿದುಕೊಳ್ಳಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಬುದ್ಧಿವಂತ ಬಿಸಿನೀರಿನ ಬಚ್ಚಲನ್ನೇ ಇಟ್ಟ, ಹೊರಗೆ ಪಂಚಾಂಗವನ್ನೂ ನೇತುಹಾಕಿದ. ಜನ ಬೈದುಕೊಂಡರು, ಆಮೇಲೆ ಒಗ್ಗಿಕೊಂಡರು. ನಮ್ಮವರು ಯಾವುದಕ್ಕೆ ಒಗ್ಗಿಕೊಳ್ಳುವುದಿಲ್ಲ ಹೇಳಿ.

ಒಗ್ಗಿಕೊಳ್ಳದವಳು ಇಂದುಮತಿ ಒಬ್ಬಳೇ. ಒಂದು ಮಧ್ಯಾಹ್ನ ಮನೆಯ ಮುಂದಿನ ಬೇವಿನ ಮರದಲ್ಲಿ ಒಂದನ್ನು ಕಣ್ಣಾರೆ ನೋಡಿದಳು. ಬಾಯಲ್ಲಿ ಪಿಕಳಾರ ಹಕ್ಕಿಯ ಮರಿ. ರೆಕ್ಕೆ ಮೂಡದ ಕೆಂಪು ಮರಿಯ ಕಾಲುಗಳು ಹೊರಗೆ ಜೋತಾಡುತ್ತಿದ್ದವು, ಇನ್ನೂ ಮಿಸುಕುತ್ತಿದ್ದವು. ಹಲ್ಲಿಗೆ ಅವಸರವೇ ಇಲ್ಲ. ಒಮ್ಮೆ ಗುಟುಕರಿಸುವುದು, ಸುಮ್ಮನಾಗುವುದು, ಮತ್ತೆ ಗುಟುಕರಿಸುವುದು. ತಾಯಿ ಪಿಕಳಾರ ಸುತ್ತ ಹಾರಿ ಅರಚುತ್ತಿತ್ತು. ಇಂದುಮತಿ ಸಾಲಿಮಠರಿಗೆ ಹೇಳಿದಾಗ ಅವರು, "ಹಕ್ಕಿಗೂ ಒಂದಿಷ್ಟು ನಷ್ಟ ಆಗ್ತದರಿ, ಆಗಲಿ. ಗಂಡು ಎಷ್ಟು ವರ್ಷ ಬದಕ್ತಾವ? ಸತ್ತ ಮ್ಯಾಲೆ ಹಕ್ಕಿ ತಾವ ಬರ್ತಾವ," ಅಂದರು. ಗಂಡು ಅನ್ನುವ ಆ ಒಂದು ಮಾತಿನ ಮೇಲೆ ಇಂದುಮತಿಯೂ ಸಮಾಧಾನ ಮಾಡಿಕೊಂಡಳು.

ಈ ಹೊತ್ತಿಗೆ ದಾಂಡೇಲಿಯ ತೇಗದ ಕಾಡಿನಲ್ಲಿ ಎಲೆ ಮೇಯುವ ಹುಳದ ಕಾಟ ವಿಪರೀತವಾಗಿತ್ತು. ಅಲ್ಲಿಗೂ ಒಂದು ಲಾರಿ ತುಂಬ ಹಲ್ಲಿ ಕಳಿಸುವುದೆಂದು ತೀರ್ಮಾನವಾಯಿತು. ಇಂದುಮತಿಯ ತವರು ದಾಂಡೇಲಿ. ಮಂಗಟ್ಟೆ ಹಕ್ಕಿಗಳ ರೆಕ್ಕೆಯ ಗಾಳಿಸದ್ದಿಗೆ ಎದ್ದು, ಅದೇ ಸದ್ದಿಗೆ ಶಾಲೆಯಿಂದ ಮರಳಿದವಳು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ತಾನೇ ಬಾಗಿಲಿಗೆ ಗೋಡೆ ಕಟ್ಟಿಕೊಳ್ಳುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ಉಣಿಸುತ್ತದೆ. ಆ ಸೀಳನ್ನು ಅಪ್ಪ ಅವಳಿಗೆ ದೂರದಿಂದ ಎಷ್ಟೋ ಸಲ ತೋರಿಸಿದ್ದ. ಮಂಗಟ್ಟೆಗಳ ಮರ ಬಿಟ್ಟು ಬೇರೆ ಮರಕ್ಕೆ ಬಿಡಬೇಕು ಎಂದು ಕರಾರು ಮಾಡಿಸಿಯೇ ಅವಳು ಈ ಲಾರಿಗೆ ಒಪ್ಪಿದ್ದಳು.

ಮನೆಯಲ್ಲಿ ಇದ್ದವರು ಅವಳು ಮತ್ತು ಅತ್ತೆ ಯಮುನಾಬಾಯಿ. ಗಂಡ ರೈಲ್ವೆ ಗಾರ್ಡು, ಮನೆಯಲ್ಲಿದ್ದದ್ದಕ್ಕಿಂತ ಗಾಡಿಯಲ್ಲಿದ್ದದ್ದೇ ಹೆಚ್ಚು. ಶ್ರಾವಣದಲ್ಲಿ ಪಂಚಮಿಗೆಂದು ನಾದಿನಿ ವನಜಾ ತವರಿಗೆ ಬಂದಳು. ಅವಳನ್ನು ಕೊಟ್ಟದ್ದೂ ದಾಂಡೇಲಿಗೇ, ಅಲ್ಲಿಯ ಒಬ್ಬ ಶಾಲಾ ಮಾಸ್ತರನಿಗೆ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಡಿಲು ತುಂಬಿರಲಿಲ್ಲ. ಆ ವರ್ಷ ಮರಕ್ಕೆ ಜೋಕಾಲಿ ಕಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಪಡಸಾಲೆಯ ತೊಲೆಗೆ ಹಗ್ಗ ಬಿಗಿದು ಹೆಂಗಸರು ಒಳಗೇ ಜೀಕಿದರು.

ಪಂಚಮಿಯ ಮುನ್ನಾದಿನ ಯಮುನಾಬಾಯಿ ಅಂಗಳದಿಂದ ಕೂಗಿದರು. "ಇಂದೂ, ವನಜಾ, ಬರ್ರಿ ಇಲ್ಲೆ. ತುಳಸವ್ವನ ಮಡಿಲಾಗ ನಾಗಪ್ಪ ತತ್ತಿ ಇಟ್ಟಾನ. ಪಂಚಮಿ ಮುಂದ ಇಟ್ಟಾನಂದ್ರ ಸಾದಾ ಮಾತಲ್ಲ."

ತುಳಸಿಕಟ್ಟೆಯ ಮೆತ್ತನೆಯ ತೇವದ ಮಣ್ಣಿನಲ್ಲಿ ಬಿಳಿಯದೇನೋ ಇಣುಕುತ್ತಿತ್ತು. ದಿನಾ ಬೆಳಿಗ್ಗೆ ನೀರು ಬೀಳುವ, ಯಾರೂ ಅಗೆಯದ, ಯಾರೂ ತುಳಿಯದ ಮಣ್ಣು ಊರಿನಲ್ಲಿ ಇರುವುದು ಅದೊಂದೇ. ಇಂದುಮತಿ ದೂರದಿಂದಲೇ ಮುಖ ತಿರುಗಿಸಿದಳು.

"ನನಗ ತೋರಸಬ್ಯಾಡ್ರಿ ಅತ್ಯಾ. ಹೊಟ್ಟಿ ತೊಳಸ್ತದ."

"ನೋಡು ವನಜಾ, ನಿಮ್ಮ ವೈನಿ ಎಂಥಾ ಡಾಕ್ಟರು," ಎಂದು ಅತ್ತೆ ನಕ್ಕರು.

"ಹುಳಾ ಹಿಡದು ಮುದ್ದ ಮಾಡ್ತೀರಿ, ತತ್ತಿಗೆ ಹೇಸ್ತೀರಿ. ವೈನಿ, ನಿಮ್ಮ ಶಾಸ್ತ್ರನ ತಿಳಿಯಂಗಿಲ್ಲ," ಅಂದಳು ವನಜಾ. ಆಮೇಲೆ ತಾಯಿ ಮಗಳು ಅರಿಸಿನ ಕುಂಕುಮ ಏರಿಸಿ ಹಾಲೆರೆದರು. ವನಜಾ ಬಹಳ ಹೊತ್ತು ಕಣ್ಣು ಮುಚ್ಚಿ ಕೈಮುಗಿದು ನಿಂತಳು. ಅವಳು ಏನು ಬೇಡಿಕೊಂಡಳೆಂದು ಯಾರೂ ಕೇಳಬೇಕಾಗಿರಲಿಲ್ಲ. ಹಬ್ಬ ಮುಗಿಸಿ ಅವಳು ದಾಂಡೇಲಿಗೆ ಹೋದಳು, ಇಂದುಮತಿ ತನ್ನ ನಕ್ಷೆ, ಗುಂಡಿಗಳ ಕಡೆ ಹೋದಳು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮಠಕ್ಕೆ ಹೋಗಿದ್ದರು. ತುಳಸಿಗೆ ನೀರು ಹಾಕುವ ಕೆಲಸ ಇಂದುಮತಿಗೆ ಬಿತ್ತು. ತಂಬಿಗೆ ಬಗ್ಗಿಸಿದಾಗ ಮಣ್ಣು ತಾನಾಗಿಯೇ ಅಲುಗಿತು. ಒಳಗಿನಿಂದ ಒಂದು ಬೆರಳುದ್ದದ್ದು ಹೊರಗೆ ಬಂತು. ಲೋಳೆಲೋಳೆ ಮೈ, ಮೈಗಂಟಿದ ಮಣ್ಣು, ಮೈಗಿಂತ ದೊಡ್ಡದೆನಿಸುವ ತಲೆ. ಹಸಿರು ಬೆನ್ನಿನ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ. ಹಾವಿನ ಮರಿಗೆ ಕಾಲಿರುವುದಿಲ್ಲ, ಇದಕ್ಕೆ ನಾಲ್ಕಿದ್ದವು. ಅದು ತುಳಸಿಯ ಕಾಂಡ ಹತ್ತಿ ಬೆರಳುಗಳನ್ನು ಅಗಲಿಸಿ ಕೂತು, ಒಂದು ಕಣ್ಣಿನಿಂದ ಆಕಾಶ ನೋಡಿತು, ಇನ್ನೊಂದರಿಂದ ಅವಳನ್ನು ನೋಡಿತು.

ಇಂಥ ಬಿಳಿ ಪಟ್ಟಿಯ ಮರಿಗಳನ್ನು ಅವಳು ಗಾಜಿನ ಆಚೆಯಿಂದ ಸಾವಿರ ನೋಡಿದ್ದಳು. ತಂಬಿಗೆ ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ. ಗಂಡೇ ಗಂಡು ಇರುವ ಊರಿನಲ್ಲಿ ಮರಿ ಎಲ್ಲಿಂದ ಬಂತು? ಮೊಂಡು ಗಂಡುಗಳು, ಅಂಗಳಕ್ಕೆ ಇಳಿದು ಹತ್ತುವ ಚುಕ್ಕೆಗಳು, ಸುಳ್ಳುಗಂಡಿನ ಪಕ್ಕ ತಲೆ ತಗ್ಗಿಸಿ ಕೂಡುವ ಹಲ್ಲಿಗಳು ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಓತಿಕ್ಯಾತನಲ್ಲಿ ಗಂಟಲು ಗಂಡಿನದು. ಈ ಹಾಳು ಹಲ್ಲಿಯಲ್ಲಿ ಇಬ್ಬರಿಗೂ ಇದ್ದರೆ?

ದಾಂಡೇಲಿಗೆ ಹೊರಡಬೇಕಾದ ಹಲ್ಲಿಗಳೆಲ್ಲ ಕೇಂದ್ರದ ಹಿಂದಿನ ಕೊಠಡಿಯಲ್ಲಿದ್ದವು. ಲಾರಿ ಮರುದಿನ ಬೆಳಿಗ್ಗೆ ಬರುವುದಿತ್ತು. ಇಂದುಮತಿ ಮಡಿವಾಳಪ್ಪನನ್ನು ಕರೆದು, ಒಂದೊಂದನ್ನೇ ಹಿಡಿದು ಬಾಲದ ಬುಡ ಒತ್ತಿ ನೋಡಬೇಕು ಅಂದಳು.

"ಕೈಲೆ ಹಿಡಿಯೂದೇನ್ರಿ ಮೇಡಮ್ಮಾರ?" ಅವನು ಹಿಂದೆ ಸರಿದ. "ನನ್ನಿಂದ ಆಗಂಗಿಲ್ರಿ. ಬೇಕಂದ್ರ ನೌಕರಿ ತಗೀರಿ. ಮನ್ಯಾಗ ಹೇಣ್ತಿ ಹೊಸ್ತಲಾ ದಾಟಿಸಂಗಿಲ್ಲ."

ಅವನನ್ನು ಬೈಯುವ ಬಾಯಿ ಅವಳಿಗೆಲ್ಲಿತ್ತು. ತಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊಳೆತ ಹಣ್ಣು, ಒದ್ದೆ ತೊಗಲು, ಹಿಕ್ಕೆ ಎಲ್ಲ ಸೇರಿದ ವಾಸನೆ ಗಂಟಲಿಗೇ ಹತ್ತಿತು. ರಬ್ಬರ್ ಕೈಗವಸು ಹಾಕಿಕೊಂಡು ಮೊದಲನೆಯದಕ್ಕೆ ಕೈ ಹಾಕಿದಳು. ಅದು ಬೆನ್ನಿನ ಜುಟ್ಟು ಎಬ್ಬಿಸಿ, ಕಪ್ಪಾಗಿ, ಬಾಯಿ ಕಳೆದು, ಬೆರಳನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಕೈಗವಸಿನ ಮೇಲಿಂದ ಒತ್ತಿದರೆ ಏನೂ ತಿಳಿಯುತ್ತಿರಲಿಲ್ಲ. ಕೊನೆಗೆ ಕೈಗವಸು ಕಿತ್ತೆಸೆದಳು.

ಬರಿಗೈಗೆ ಸಿಕ್ಕದ್ದು ತಣ್ಣಗಿತ್ತು, ಒಣಗಿತ್ತು, ಒಳಗೆ ಮಾತ್ರ ಏನೋ ಪಟಪಟ ಬಡಿಯುತ್ತಿತ್ತು. ಬೆರಳ ಮೆತ್ತೆಗಳು ಅವಳ ಮಣಿಕಟ್ಟಿಗೆ ಅಂಟಿ, ಕಿತ್ತು, ಮತ್ತೆ ಅಂಟಿದವು. ಪ್ರತಿ ಸಲ ಕಿತ್ತಾಗ ಅವಳ ಬೆನ್ನಹುರಿಯವರೆಗೂ ಮುಳ್ಳೆದ್ದಿತು. ಹೆಬ್ಬೆರಳು ಒತ್ತಿದಳು. ಏನೂ ಹೊರಗೆ ಬರಲಿಲ್ಲ. ಹೊಟ್ಟೆಯ ಮೇಲೆ ಬೆರಳಾಡಿಸಿದಾಗ ಒಳಗೆ ಒಂದು ಗಟ್ಟಿ ಗುಂಡು ಜಾರಿತು. ತತ್ತಿ. ಮೂಲೆಯ ಬಕೆಟ್ಟಿಗೆ ಬಗ್ಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಎರಡನೆಯದನ್ನು ಹಿಡಿದಳು. ಸಂಜೆಯ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಹೆಣ್ಣು ಎನ್ನುವುದು ಖಾತ್ರಿಯಾಯಿತು. ಎಡಬಾಗಿಲಿನಿಂದ ಹೋದವು ಧೈರ್ಯದವು, ಬ‍ಲಬಾಗಿಲಿನಿಂದ ಹೋದವು ಪುಕ್ಕಲು. ಅಷ್ಟೇ ವ್ಯತ್ಯಾಸ. ಎರಡು ವರ್ಷ ಹಿಮದ ಪೆಟ್ಟಿಗೆಯಲ್ಲಿ ಸತ್ತದ್ದು ಬರೀ ನಾಚಿಕೆಯವು. ಹಲ್ಲಿಯ ಮೇಲಿನ ಅವಳ ಹೇಸಿಗೆ ಒಂದು ಕ್ಷಣ ಅವಳ ಮೇಲೆಯೇ ತಿರುಗಿತು.

ಸಾಲಿಮಠರು ತಮ್ಮ ಕೋಣೆಯಲ್ಲಿ ಶೇಂಗಾ ಸುಲಿದು ತಿನ್ನುತ್ತಿದ್ದರು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಅವರು ಬಾಯಾಡಿಸುವುದನ್ನು ನಿಲ್ಲಿಸಲಿಲ್ಲ.

"ಕೂಡ್ರಿ ಇಂದುಮತಿಯವರ. ಇದನ್ನ ಇನ್ಯಾರಿಗೆ ಹೇಳೀರಿ?"

"ಯಾರಿಗೂ ಇಲ್ಲರಿ. ಲಾರಿ ನಿಲ್ಲಸ್ರಿ ಸರ್. ಅವು ಕಾಡಿಗೆ ಹೋಗಬಾರದು. ಊರಾಗಿನವನ್ನೂ ಹಿಡಿಬೇಕು."

"ಹಿಡಿಯವರು ಯಾರು?" ಸಾಲಿಮಠರು ನಕ್ಕರು. "ಸ್ವಲ್ಪ ವಿಚಾರ ಮಾಡ್ರಿ. ಗಂಡೋ ಹೆಣ್ಣೋ ಅಂತ ಒಂದು ಹಲ್ಲೀನ ಕೈಲೆ ಹಿಡದು, ಬಾಲ ಒತ್ತಿ ನೋಡವರು ಈ ರಾಜ್ಯದಾಗ ಯಾರದಾರ? ನೀವೊಬ್ಬರ. ಕಾಡು ದೊಡ್ಡದದ. ಗೊತ್ತಾಗಲಿಕ್ಕೆ ಹತ್ತು ವರ್ಷ ಹಿಡೀತದ. ಅಷ್ಟರಾಗ ನಾನು ರಿಟೈರ್, ಈ ಕುರ್ಚಿ ನಿಮ್ಮದು. ಸುಮ್ಮನ ಮನಿಗೆ ಹೋಗಿ ತಲಿಮ್ಯಾಲೆ ನೀರ ಹಾಕ್ಕೋರಿ."

ಅವರ ತುಟಿಯ ಮೂಲೆಯಲ್ಲಿ ಶೇಂಗಾದ ಕೆಂಪು ಸಿಪ್ಪೆ ಅಂಟಿತ್ತು. ಮಾತಿನ ಜೊತೆ ಅದು ಮೇಲೆ ಕೆಳಗೆ ಆಡುತ್ತಿತ್ತು. ಬೆಳಗಿನಿಂದ ಅಷ್ಟೊಂದು ಹಲ್ಲಿಗಳ ಹೊಟ್ಟೆ ಮುಟ್ಟಿದ್ದ ಇಂದುಮತಿಗೆ ಇದಕ್ಕಿಂತ ಅಸಹ್ಯವಾದದ್ದೇನೂ ಕಂಡಿರಲಿಲ್ಲ. ಹಲ್ಲಿ ತನ್ನ ಹೊಟ್ಟೆಗೆ ತಿನ್ನುತ್ತದೆ, ತನ್ನ ಮರ ಕಾಯುತ್ತದೆ. ಈ ಮನುಷ್ಯ ಊರಿನವರ ಹೇಸಿಗೆಯನ್ನೇ ಬಂಡವಾಳ ಮಾಡಿಕೊಂಡು ಕೂತಿದ್ದ. ತಿರುಗಿ ಹೊರಗೆ ಬಂದಳು. ಮಂಗಟ್ಟೆಯ ಪೊಟರೆಯ ಸೀಳು ಕಣ್ಣಮುಂದಿನಿಂದ ಸರಿಯಲಿಲ್ಲ. ಒಳಗಿನಿಂದ ಗೋಡೆ ಕಟ್ಟಿಕೊಂಡ ತಾಯಿಗೆ ಓಡಿಹೋಗಲು ದಾರಿ ಎಲ್ಲಿದೆ.

ಮರುದಿನ ಬೆಳಿಗ್ಗೆ ಲಾರಿ ಬಂತು. ಅದರ ಜೊತೆ ದಾಂಡೇಲಿಯಿಂದ ಅರಣ್ಯ ಇಲಾಖೆಯ ರೇಂಜ್ ಆಫೀಸರ್ ದೇಸೂರಕರರೂ ಬಂದರು. ಪೆಟ್ಟಿಗೆಗಳನ್ನು ಒಪ್ಪಿಸಿಕೊಂಡು ಹೋಗುವುದು ಅವರ ಕೆಲಸ. ಸಾಲಿಮಠರು ಅವರನ್ನು ಕೂಡಿಸಿ ಚಹಾ ತರಿಸಿದ್ದರು, ಪೇಢೆ ತರಿಸಿದ್ದರು.

"ಎಲ್ಲಾ ಗಂಡು ಅಲ್ರಿ?" ದೇಸೂರಕರ ಪೇಢೆಗೆ ಕೈ ಹಾಕುತ್ತ ಕೇಳಿದರು. "ನಮ್ಮ ಕಡೆ ಹಕ್ಕಿ ನೋಡಲಿಕ್ಕೆ ಪರದೇಶದ ಮಂದಿ ಬರ್ತಾರ. ಏನರೆ ಹೆಚ್ಚುಕಡಿಮಿ ಆದ್ರ ನನ್ನ ಕುತ್ತಗಿಗೆ ಬರ್ತದ."

"ನೂರಕ್ಕ ನೂರು ಗಂಡು," ಅಂದರು ಸಾಲಿಮಠರು.

ಇಂದುಮತಿ ಬಾಗಿಲು ತಳ್ಳಿ ಒಳಗೆ ಬಂದಳು. ಬಲಗೈಯಲ್ಲಿ ಹಲ್ಲಿ. ನಿನ್ನೆ ಬೇರೆ ಇಟ್ಟಿದ್ದ ದಿನ ತುಂಬಿದ್ದು. ಅದರ ಬಾಲ ಅವಳ ಮೊಣಕೈಗೆ ಸುತ್ತಿಕೊಂಡಿತ್ತು, ಬೆರಳನ್ನು ಕಚ್ಚಿದ್ದಲ್ಲಿ ರಕ್ತ ಬಂದಿತ್ತು. ದೇಸೂರಕರ ಕುರ್ಚಿಸಮೇತ ಗೋಡೆಗೆ ಸರಿದರು. ಅವಳು ಮೇಜಿನ ಹತ್ತಿರ ಬಂದು ಹಲ್ಲಿಯನ್ನು ತಟ್ಟೆಯ ಮೇಲೆ ಹಿಡಿದು, ಹೊಟ್ಟೆಯ ಮೇಲಿಂದ ಹೆಬ್ಬೆರಳನ್ನು ಮೆಲ್ಲಗೆ ಕೆಳಗೆ ಎಳೆದಳು. ಹಲ್ಲಿ ಗುಲಾಬಿ ಗಂಟಲನ್ನು ಪೂರಾ ಬಿಚ್ಚಿತು. ಆಮೇಲೆ ಬಿಳಿ ತೊಗಲಿನ ತತ್ತಿಯೊಂದು ಲೋಳೆಯ ಸಮೇತ ಜಾರಿ ಪೇಢೆಗಳ ನಡುವೆ ಬಿತ್ತು.

"ಏ ಏನಿದು ಮೇಡಮ್," ಅಂದರು ದೇಸೂರಕರ. ಬಾಯೊಳಗಿನ ಪೇಢೆಯನ್ನು ನುಂಗಲೂ ಆಗದೆ, ಉಗುಳಲೂ ಆಗದೆ ಅವರ ಕಣ್ಣಲ್ಲಿ ನೀರು ಬಂದಿತ್ತು.

"ತತ್ತಿರಿ. ನೂರಕ್ಕ ನೂರು ಗಂಡು ಇಟ್ಟದ್ದು."

"ಎಲ್ಲೋ ಒಂದು ತಪ್ಪಿ ಬಂದಿರಬೇಕು," ಅಂದರು ಸಾಲಿಮಠರು. ಅವರ ದನಿ ಹಗುರವಾಗಿತ್ತು.

"ಒಂದಲ್ಲರಿ. ಲಾರಿ ಹತ್ತೋ ಪೆಟ್ಟಿಗಿಯೊಳಗ ಅರ್ಧಾ ಇಂಥಾವ ಅದಾವ. ತಪ್ಪು ನಂದು. ಮುಟ್ಟಲಿಕ್ಕೆ ಹೇಸಿ ಮಾಡಿದ ತಪ್ಪು. ಬರ್ರಿ ದೇಸೂರಕರ, ಒಂದೊಂದನ್ನ ಹಿಡದು ತೋರಸ್ತೀನಿ."

ದೇಸೂರಕರ ಒಂದನ್ನೂ ನೋಡಲಿಲ್ಲ. ಹೊರಗೆ ಹೋಗಿ ಗಿಡದ ಬುಡದಲ್ಲಿ ಉಗುಳಿ ಬಾಯಿ ಮುಕ್ಕಳಿಸಿ, ಚಾಲಕನಿಗೆ ಲಾರಿ ತಿರುಗಿಸಲು ಹೇಳಿದರು. "ನಮ್ಮ ಕಾಡಿಗೆ ಇದು ಬ್ಯಾಡ್ರಿಯಪಾ. ಹುಳಾ ಇದ್ರ ಇರಲಿ." ಖಾಲಿ ಲಾರಿ ಗೇಟು ದಾಟಿ ಹೋಯಿತು. ಸಾಲಿಮಠರು ಇಂದುಮತಿಯ ಕಡೆ ನೋಡಿ, ನಾಳೆಯಿಂದ ಬರಬೇಡಿ ಎಂದಷ್ಟೇ ಹೇಳಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಅವಳು ಮನೆಗೆ ನಡೆದೇ ಹೋದಳು. ಮೂರು ಸಲ ಸೋಪು ಹಚ್ಚಿ ತೊಳೆದರೂ ಕೈ ವಾಸನೆ ಹೋಗಿರಲಿಲ್ಲ. ನೌಕರಿ ಹೋಯಿತು, ಶಾಲು ಫಲಕಗಳ ಮಾನ ಹೋಯಿತು, ಊರಿನ ತುಳಸಿಕಟ್ಟೆಗಳಲ್ಲೆಲ್ಲ ಎಷ್ಟು ತತ್ತಿ ಇವೆಯೋ ದೇವರೇ ಬಲ್ಲ. ಆದರೂ ಎದೆಯ ಮೇಲಿನ ಭಾರ ಇಳಿದಿತ್ತು. ದಾಂಡೇಲಿ ಉಳಿಯಿತು. ಬೇಲಿ ಹಾಕಿದಂತೆ ನಡುವೆ ಹೊಲಗಳಿವೆ, ಹೆದ್ದಾರಿ ಇದೆ. ನೆಲ ಕಂಡರೆ ಆಗದ ಈ ಪ್ರಾಣಿ ಅಷ್ಟು ದೂರ ನಡೆದು ಹೋಗಲಾರದು.

ಮನೆಯ ಬಾಗಿಲಲ್ಲೇ ಯಮುನಾಬಾಯಿ ಕಾಯುತ್ತಿದ್ದರು. ಮುಖ ಅರಳಿತ್ತು, ಕೈಯಲ್ಲಿ ಫೋನಿತ್ತು.

"ಛಲೋ ಹೊತ್ತಿಗೆ ಬಂದಿ ಇಂದೂ. ನಿನಗೊಂದು ಹೇಳಿರಲಿಲ್ಲ, ನಗತಿ ಅಂತ. ಪಂಚಮಿ ಮುಗಿಸಿ ವನಜಾ ಹೋಗೂ ಮುಂದ ಆಕಿ ಕೈಯಾಗ ಒಂದು ತುಳಸಿ ಸಸಿ ಕೊಟ್ಟಿದ್ದೆ, ಬುಡದ ಮಣ್ಣ ಸಹಿತ. ನಾಕು ತತ್ತಿ ಮಣ್ಣಾಗ ಇಟ್ಟು ಕಳಿಸಿದ್ದೆ. ದಿನಾ ಹಾಲ ಹಾಕು, ನಾಗಪ್ಪ ನಿನ್ನ ಮಡಿಲಾ ತುಂಬತಾನ ಅಂತ ಹೇಳಿದ್ದೆ. ಇವತ್ತ ಒಡದಾವಂತ. ಹಾವಲ್ಲಂತ, ಹಸರ ಬಣ್ಣದ ಮರಿಯಂತ. ದೇವರು ಯಾವ ರೂಪದಾಗ ಬಂದ್ರೇನು. ತುಗೋ, ಮಾತಾಡು, ಆಕಿ ಸಂತೋಷಕ್ಕ ಅಳಲಿಕ್ಕೆ ಹತ್ಯಾಳ."

ಇಂದುಮತಿ ಫೋನು ತೆಗೆದುಕೊಂಡಳು. ವನಜಾಳ ಹಿತ್ತಲಿಗೆ ಗೋಡೆ ಇರಲಿಲ್ಲ. ಒಂದು ಹಲಸಿನ ಮರ, ಅದರ ಟೊಂಗೆಗೆ ತಾಗಿದ ಇನ್ನೊಂದು ಮರ, ಅಲ್ಲಿಂದ ಕಾಡೇ.

"ವೈನಿ," ಅಂದಳು ವನಜಾ. "ಈ ಸಲ ನನಗ ಖರೇನ ಆಗ್ತದ ಅನಸ್ತದರಿ."

"ಮರಿ ಎಲ್ಲೆ ಅದಾವ ವನಜಾ?"

"ಹಲಸಿನ ಗಿಡಾ ಹತ್ತಿದ್ವರಿ. ನಾಕೂ ಹತ್ತಿದ್ವು. ಎಷ್ಟು ಚಂದ ಇದ್ವು ಅಂತೀರಿ. ಈಗ ಕಾಣವಲ್ವು."

ಇಂದುಮತಿ ಹೊಸ್ತಿಲಿಂದಲೇ ಹಿಂದೆ ತಿರುಗಿದಳು. "ನಾ ಈಗಿಂದೀಗ ಬಸ್ ಹತ್ತಿ ಬರ್ತೀನಿ," ಅಂದಳು.

"ಬರ್ರಿ ವೈನಿ, ಬರ್ರಿ," ವನಜಾಳ ದನಿಯಲ್ಲಿ ಸಂಭ್ರಮ ತುಂಬಿತ್ತು. "ಬರೂ ಮುಂದ ಒಂದು ಲೀಟರ್ ಹಾಲ ತರ್ರಿ. ಮಳಿ ಸಲುವಾಗಿ ಇಲ್ಲೆ ಹಾಲಿನವ ಬಂದಿಲ್ಲ, ಅವಕ್ಕ ಬೆಳಗಿಂದ ಏನೂ ಇಟ್ಟಿಲ್ಲರಿ."